ಎಐ ಏಜೆಂಟ್‌ಗಳು ಮತ್ತು ನಮ್ಮ ನಾಳಿನ ಕೆಲಸ



ಕಾಲೇಜು ಮುಗಿದ ಮೇಲೆ ಸಂಜೆ ಹೊತ್ತು ನಾನು ಅಬ್ಬಾ ಅವರ ಚಪ್ಪಲಿ ಅಂಗಡಿಯಲ್ಲಿ ಕೂರುತ್ತೇನೆ. ಕಳೆದ ರಂಜಾನ್‌ನ ಕೊನೆಯ ವಾರ ಅಂಗಡಿ ತುಂಬ ಗಿರಾಕಿಗಳು. ಆ ಗಡಿಬಿಡಿಯಲ್ಲಿ ಒಬ್ಬರು ಫೋನ್ ಮಾಡಿ ಒಂದು ಜೊತೆ ಸ್ಯಾಂಡಲ್‌ನ ಬೆಲೆ ಕೇಳಿದರು. ನಾನು ಪಕ್ಕದ ಡಬ್ಬಿಯ ಚೀಟಿ ನೋಡಿ 450 ರೂಪಾಯಿ ಎಂದುಬಿಟ್ಟೆ. ಅದರ ಖರೀದಿ ಬೆಲೆಯೇ 520 ಇತ್ತು. ಅವರು ಇಫ್ತಾರ್ ಮುಗಿಸಿ ಬಂದಾಗ ನನಗೆ ನನ್ನ ತಪ್ಪು ಗೊತ್ತಾಯಿತು. ಅಬ್ಬಾ ಮಾತಾಡದೆ 450ಕ್ಕೇ ಕೊಟ್ಟು ಕಳಿಸಿದರು. ಆಮೇಲೆ ನನಗೆ ಹೇಳಿದ್ದು ಇಷ್ಟೇ: "ಮಾತು ನಿನ್ನದು ಬೇಟಾ, ಆದರೆ ಅಂಗಡಿ ನನ್ನದು."

ಎಐ ಏಜೆಂಟ್‌ಗಳ ಬಗ್ಗೆ ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ನೆನಪಾದದ್ದು ಈ ಮಾತು.

ಏಜೆಂಟ್ ಎಂದರೇನು?

ಚಾಟ್‌ಬಾಟ್ ನಾವು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಏಜೆಂಟ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದಕ್ಕೆ ಒಂದು ಗುರಿ ಕೊಟ್ಟರೆ ಸಾಕು, ಆ ಗುರಿಯನ್ನು ಸಣ್ಣ ಸಣ್ಣ ಕೆಲಸಗಳಾಗಿ ಒಡೆಯುತ್ತದೆ. ಇಮೇಲ್, ಎಕ್ಸೆಲ್, ಇಂಟರ್ನೆಟ್ ಇವುಗಳನ್ನು ಬಳಸುತ್ತದೆ. ಬಂದ ಫಲಿತಾಂಶ ನೋಡಿ ಮುಂದಿನ ಹೆಜ್ಜೆ ಇಡುತ್ತದೆ. ಉದಾಹರಣೆಗೆ, "ಬಾಕಿದಾರರಿಗೆ ಪತ್ರ ಹೇಗೆ ಬರೆಯುವುದು?" ಎಂದು ಕೇಳಿದರೆ ಚಾಟ್‌ಬಾಟ್ ಒಂದು ಮಾದರಿ ಪತ್ರ ಕೊಡುತ್ತದೆ. ಏಜೆಂಟ್‌ಗೆ ಅನುಮತಿ ಕೊಟ್ಟಿದ್ದರೆ ಅದು ಲೆಕ್ಕ ತೆರೆದು, ಯಾರು ಎಷ್ಟು ಬಾಕಿ ಎಂದು ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಪತ್ರವನ್ನು ಕಳಿಸಿಯೂಬಿಡಬಹುದು.

ಸ್ಟಾರ್ಟಪ್‌ಗಳಿಗೆ ಇದು ಯಾಕೆ ಬೇಕು?

ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಕಂಪನಿಗೆ ಸಂಬಳ ಎನ್ನುವುದು ಹೆಚ್ಚುಕಡಿಮೆ ಸ್ಥಿರ ವೆಚ್ಚ. ವ್ಯಾಪಾರ ಆಗಲಿ ಬಿಡಲಿ, ತಿಂಗಳ ಕೊನೆಗೆ ಕೊಡಲೇಬೇಕು. ಏಜೆಂಟ್‌ಗೆ ಸಾಮಾನ್ಯವಾಗಿ ಬಳಸಿದಷ್ಟಕ್ಕೆ ಹಣ. ಅಂದರೆ ಸ್ಥಿರ ವೆಚ್ಚದ ಒಂದು ಭಾಗ ಬದಲಾಗುವ ವೆಚ್ಚವಾಗುತ್ತದೆ, ಬ್ರೇಕ್-ಈವನ್ ಬಿಂದು ಕೆಳಗಿಳಿಯುತ್ತದೆ. ಹತ್ತು ಜನ ಬೇಕಿದ್ದ ಕಡೆ ಮೂವರು ಶುರುಮಾಡಬಹುದು. ಆದರೆ ಈ ಅನುಕೂಲ ಎದುರಿನ ಕಂಪನಿಗೂ ಇದೆ ಎಂಬುದನ್ನು ಮರೆಯಬಾರದು. ಎಲ್ಲರ ಕೈಯಲ್ಲೂ ಒಂದೇ ಯಂತ್ರ ಇದ್ದರೆ, ಗಿರಾಕಿ ಯಾರನ್ನು ನಂಬುತ್ತಾನೆ ಎಂಬುದೇ ವ್ಯತ್ಯಾಸ ಮಾಡುತ್ತದೆ.

ಮೂರು ನಿಜ ಉದಾಹರಣೆಗಳು

ಒಂದು, ನಮ್ಮ ಬೆಂಗಳೂರಿನದೇ. ಅಂಗಡಿಗಳಿಗೆ ಆನ್‌ಲೈನ್ ಮಳಿಗೆ ಮಾಡಿಕೊಡುವ ದುಕಾನ್ ಎಂಬ ಸ್ಟಾರ್ಟಪ್‌ನ ಮುಖ್ಯಸ್ಥರು 2023ರ ಜುಲೈನಲ್ಲಿ, ಗ್ರಾಹಕ ಸೇವೆಯ ಶೇ. 90ರಷ್ಟು ಸಿಬ್ಬಂದಿಯನ್ನು ತೆಗೆದು ಚಾಟ್‌ಬಾಟ್ ಇಟ್ಟಿದ್ದೇವೆ ಎಂದು ಪ್ರಕಟಿಸಿದರು. ಒಂದು ದೂರು ಬಗೆಹರಿಯಲು 2 ಗಂಟೆ 13 ನಿಮಿಷ ಬೇಕಿದ್ದದ್ದು 3 ನಿಮಿಷ 12 ಸೆಕೆಂಡಿಗೆ ಇಳಿಯಿತು ಎಂದರು. ಕೆಲವರು ಹೊಗಳಿದರು. ಕೆಲಸ ಕಳೆದುಕೊಂಡವರ ಬಗ್ಗೆ ಒಂದು ಒಳ್ಳೆಯ ಮಾತಾದರೂ ಬೇಡವೇ ಎಂದು ಹಲವರು ಕೇಳಿದರು.

ಎರಡು, ಸ್ವೀಡನ್ನಿನ ಕ್ಲಾರ್ನಾ. 2024ರ ಫೆಬ್ರವರಿಯಲ್ಲಿ ಈ ಕಂಪನಿ ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆ ನಡೆಸಿದೆ, 700 ಜನರ ಕೆಲಸ ಮಾಡುತ್ತಿದೆ ಎಂದು ಹೇಳಿತು. 2025ರಲ್ಲಿ ಅದರ ಮುಖ್ಯಸ್ಥರೇ, ವೆಚ್ಚದ ಕಡೆಗೇ ಹೆಚ್ಚು ಗಮನ ಕೊಟ್ಟಿದ್ದರಿಂದ ಗುಣಮಟ್ಟ ಕುಸಿಯಿತು ಎಂದು ಒಪ್ಪಿಕೊಂಡು, ಬೇಕೆಂದವರಿಗೆ ಮನುಷ್ಯರೇ ಸಿಗುವಂತೆ ಮತ್ತೆ ಜನರನ್ನು ತೆಗೆದುಕೊಳ್ಳಲು ಶುರುಮಾಡಿದರು.

ಮೂರನೆಯದು ಓದಿ ನಾನು ನಕ್ಕುಬಿಟ್ಟೆ. 2025ರಲ್ಲಿ ಆಂಥ್ರೊಪಿಕ್ ಕಂಪನಿ ತನ್ನ ಸ್ಯಾನ್ ಫ್ರಾನ್ಸಿಸ್ಕೊ ಕಚೇರಿಯಲ್ಲಿ ಒಂದು ಪುಟ್ಟ ಅಂಗಡಿಯನ್ನು ಸುಮಾರು ಒಂದು ತಿಂಗಳು ಎಐ ಏಜೆಂಟ್ ಕೈಗೆ ಕೊಟ್ಟಿತು. ಸರಕು ತರಿಸುವುದು, ಬೆಲೆ ಇಡುವುದು ಎಲ್ಲಾ ಅದರದೇ. ಸರಬರಾಜುದಾರರನ್ನು ಹುಡುಕುವುದನ್ನು ಚೆನ್ನಾಗಿ ಮಾಡಿತು. ಆದರೆ ಕೇಳಿದವರಿಗೆಲ್ಲಾ ರಿಯಾಯಿತಿ ಕೊಟ್ಟಿತು. ಟಂಗ್‌ಸ್ಟನ್ ಲೋಹದ ಗಟ್ಟಿಗಳನ್ನು ತರಿಸಿ ಅಸಲಿಗಿಂತ ಕಡಿಮೆಗೆ ಮಾರಿತು. ಇಲ್ಲದ ಖಾತೆಯೊಂದಕ್ಕೆ ಹಣ ಹಾಕಿ ಎಂದೂ ಗಿರಾಕಿಗಳಿಗೆ ಹೇಳಿತು. ಸುಮಾರು 1000 ಡಾಲರ್ ಇದ್ದ ಅಂಗಡಿಯ ಮೌಲ್ಯ 800ಕ್ಕಿಂತ ಕೆಳಗೆ ಬಂತು. ಅಬ್ಬಾಗೆ ಇದನ್ನು ಓದಿ ಹೇಳಿದೆ. "ಅದಕ್ಕೂ ಒಂದು ರಂಜಾನ್ ಸೀಸನ್ ನಮ್ಮಲ್ಲಿ ಟ್ರೈನಿಂಗ್ ಕೊಡೋಣ" ಎಂದರು.

ಹೊಣೆ ಯಾರದು?

ಸಿಎ ಫೌಂಡೇಶನ್‌ಗೆ ಓದುತ್ತಿರುವ ಗೆಳೆಯರಿಗೆ 1872ರ ಭಾರತೀಯ ಕರಾರು ಕಾಯ್ದೆ ಗೊತ್ತಿರುತ್ತದೆ. ಅದರ ಸೆಕ್ಷನ್ 182ರ ಪ್ರಕಾರ ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ನೇಮಕವಾದ ವ್ಯಕ್ತಿಯೇ ಏಜೆಂಟ್, ನೇಮಿಸಿದವರು ಪ್ರಿನ್ಸಿಪಾಲ್. ಸೆಕ್ಷನ್ 184 ಇನ್ನೂ ಸ್ವಾರಸ್ಯವಾಗಿದೆ. ಹೊರಗಿನವರ ಜೊತೆ ವ್ಯವಹರಿಸಲು ಅಪ್ರಾಪ್ತ ವಯಸ್ಸಿನವರೂ ಏಜೆಂಟ್ ಆಗಬಹುದು. ಆದರೆ ಅವರನ್ನು ತಮ್ಮ ಪ್ರಿನ್ಸಿಪಾಲ್‌ಗೆ ಉತ್ತರದಾಯಿ ಮಾಡಲು ಬರುವುದಿಲ್ಲ. ನನಗೀಗ 17 ವರ್ಷ. ನಾನು ಹೇಳಿದ 450 ರೂಪಾಯಿಯ ಹೊಣೆಯನ್ನು ಅಬ್ಬಾ ಯಾಕೆ ಹೊತ್ತರು ಎಂಬುದು ಈ ಪಾಠ ಓದಿದಾಗ ಇನ್ನೂ ಚೆನ್ನಾಗಿ ಅರ್ಥವಾಯಿತು.

ಎಐ ಕಾನೂನಿನ ಕಣ್ಣಲ್ಲಿ ವ್ಯಕ್ತಿಯೇ ಅಲ್ಲ, ಹಾಗಾಗಿ ಈ ಸೆಕ್ಷನ್ ಅದಕ್ಕೆ ನೇರವಾಗಿ ಹೊಂದುವುದಿಲ್ಲ. ಆದರೂ ಪ್ರಶ್ನೆ ಅದೇ. ಏರ್ ಕೆನಡಾದ ಚಾಟ್‌ಬಾಟ್, ಅಜ್ಜಿ ತೀರಿಕೊಂಡು ಪ್ರಯಾಣಿಸಬೇಕಿದ್ದ ಒಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ತಾನು ಹೊಣೆಯಲ್ಲ ಎಂದು ಕಂಪನಿ ವಾದಿಸಿತು. ಅಲ್ಲಿನ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಈ ವಾದವನ್ನು ತಳ್ಳಿಹಾಕಿ, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಿಯನ್ ಡಾಲರ್ ಕೊಡಲು ಹೇಳಿತು. ವೆಬ್‌ಸೈಟ್ ಯಾರದೋ, ಮಾತಿನ ಹೊಣೆಯೂ ಅವರದೇ. ಅಬ್ಬಾ ಅಂಗಡಿಯಲ್ಲಿ ಹೇಳಿದ್ದೂ ಇದನ್ನೇ.

ನನ್ನ ಆಪಾಳ ಕಥೆ

ನನ್ನ ಆಪಾ ಬಿಕಾಂ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಚಾಟ್ ಸಪೋರ್ಟ್ ಕೆಲಸಕ್ಕೆ ಸೇರಿದಳು. ಮೊದಲ ಆರು ತಿಂಗಳು "ನನ್ನ ಆರ್ಡರ್ ಎಲ್ಲಿದೆ?" ಎಂಬ ಪ್ರಶ್ನೆಗೆ ಉತ್ತರಿಸುವುದೇ ಕೆಲಸ. ಬೇಸರವಾಗುತ್ತದೆ ಎನ್ನುತ್ತಿದ್ದಳು. ಆದರೆ ಅಲ್ಲೇ ಅವಳು ಸಿಟ್ಟಿನ ಗಿರಾಕಿಯನ್ನು ಸಮಾಧಾನ ಮಾಡುವುದನ್ನು, ಇಂಗ್ಲಿಷ್ ತಪ್ಪಿಲ್ಲದೆ ಬರೆಯುವುದನ್ನು, ರೀಫಂಡ್ ಲೆಕ್ಕವನ್ನು ಕಲಿತಳು. ಈಗ ಆ ಪ್ರಶ್ನೆಗಳಿಗೆಲ್ಲಾ ಬಾಟ್ ಉತ್ತರಿಸುತ್ತದೆ. ಹದಿನಾಲ್ಕು ಜನರ ತಂಡದಲ್ಲಿ ಐವರು ಉಳಿದಿದ್ದಾರೆ. ಬಾಟ್ ಕೊಟ್ಟ ಉತ್ತರ ಸರಿಯೇ ಎಂದು ನೋಡುವ ಕೆಲಸ ಆಪಾಗೆ ಸಿಕ್ಕಿದೆ, ಸಂಬಳವೂ ಸ್ವಲ್ಪ ಏರಿದೆ. ಮನೆಯಲ್ಲಿ ಅಮ್ಮಿ ಶುಕ್ರ್ ಎಂದರು. ಆಪಾ ಮಾತ್ರ ಸುಮ್ಮನಿದ್ದಳು. ರಾತ್ರಿ ನನ್ನ ಹತ್ತಿರ, "ನನ್ನ ಪಕ್ಕ ಕೂರುತ್ತಿದ್ದವಳ ಅಬ್ಬಾಗೆ ಡಯಾಲಿಸಿಸ್ ನಡೀತಿದೆ, ಅವಳ ಹೆಸರು ಲಿಸ್ಟಲ್ಲಿತ್ತು" ಎಂದಳು.

ನನ್ನ ನಿಜವಾದ ಚಿಂತೆ ಇಲ್ಲಿದೆ. ಯಂತ್ರ ಮೊದಲು ತೆಗೆದುಕೊಳ್ಳುತ್ತಿರುವುದು ಏಣಿಯ ಕೆಳಗಿನ ಮೆಟ್ಟಿಲನ್ನು: ಎಂಟ್ರಿ ಹಾಕುವುದು, ಬಿಲ್ ತಾಳೆ ನೋಡುವುದು, ಸಣ್ಣ ಪ್ರಶ್ನೆಗೆ ಉತ್ತರಿಸುವುದು. ನಮ್ಮಂಥವರು ಕಾಲಿಡುವುದೂ ಅಲ್ಲೇ. ಆ ಮೆಟ್ಟಿಲಿಲ್ಲದೆ, ತಪ್ಪು ಹಿಡಿಯುವಷ್ಟು ಅನುಭವ ನಮಗೆ ಬರುವುದು ಹೇಗೆ?

ನಾವೇನು ಮಾಡಬಹುದು?

ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಾನು ಶುರುಮಾಡಿರುವ ಮೂರು ಅಭ್ಯಾಸಗಳನ್ನು ಹೇಳುತ್ತೇನೆ.

1. ಲೆಕ್ಕವನ್ನು ಮೊದಲು ಕೈಯಲ್ಲೇ ಮಾಡುತ್ತೇನೆ. ಆಮೇಲೆ ಎಐಗೆ ಕೊಟ್ಟು ಎರಡನ್ನೂ ತಾಳೆ ನೋಡುತ್ತೇನೆ. ಹೋದ ತಿಂಗಳು ಸವಕಳಿಯ ಲೆಕ್ಕದಲ್ಲಿ ಅದು ತಪ್ಪಿತ್ತು. ಜರ್ನಲ್ ಎಂಟ್ರಿ ಗೊತ್ತಿಲ್ಲದಿದ್ದರೆ ನಾನು ಹಾಗೇ ನಂಬುತ್ತಿದ್ದೆ.

2. ಅಂಗಡಿಯಲ್ಲಿ ಬಾಕಿದಾರರ ಪಟ್ಟಿಯನ್ನು ಎಐ ಸಹಾಯದಿಂದ ಮಾಡುತ್ತೇನೆ. ಆದರೆ ಯಾರಿಗೆ ನೆನಪಿಸಬೇಕು, ಯಾರ ಮನೆಯಲ್ಲಿ ಕಷ್ಟವಿದೆ ಎಂದು ಕಾಯಬೇಕು ಎಂಬುದನ್ನು ಅಬ್ಬಾ ತೀರ್ಮಾನಿಸುತ್ತಾರೆ. ಅದು ಯಾವ ಲೆಡ್ಜರ್‌ನಲ್ಲೂ ಇಲ್ಲ.

3. ಗಿರಾಕಿಗಳ ಹೆಸರು, ಫೋನ್ ನಂಬರ್‌ಗಳನ್ನು ಅದಕ್ಕೆ ಕೊಡುವುದಿಲ್ಲ. ಅವು ನಮ್ಮ ಬಳಿ ಇರುವ ಅಮಾನತ್.

ನಮ್ಮ ಮನೆಯಲ್ಲಿ ಅಮಾನತ್ ಎಂಬ ಮಾತನ್ನು ತುಂಬಾ ಬಳಸುತ್ತೇವೆ. ಇನ್ನೊಬ್ಬರು ನಂಬಿ ಒಪ್ಪಿಸಿದ್ದನ್ನು ಹಾಗೇ ಕಾಪಾಡುವುದು ಎಂದು ಅರ್ಥ. ಏಜೆಂಟ್ ಎಷ್ಟು ವೇಗವಾಗಿ ಕೆಲಸ ಮಾಡಿದರೂ ತಪ್ಪಾದಾಗ ಎದುರು ನಿಂತು "ನನ್ನದು ತಪ್ಪು, ನಾನು ಸರಿಮಾಡುತ್ತೇನೆ" ಎಂದು ಹೇಳಲು ಒಬ್ಬ ಮನುಷ್ಯ ಬೇಕು. ಹಾಗೆ ಹೇಳುವಷ್ಟು ವಿಷಯ ತಿಳಿದುಕೊಳ್ಳುವುದೇ ನಮ್ಮ ಓದು ಎಂದು ನನಗನ್ನಿಸುತ್ತದೆ.

ನಿಮ್ಮ ಮನೆಯವರ ಕೆಲಸದಲ್ಲಿ ಎಐ ಯಾವುದನ್ನು ಮಾಡಬಲ್ಲದು, ಯಾವುದನ್ನು ಮಾಡಲಾರದು? ಇವತ್ತು ರಾತ್ರಿ ಊಟದ ಹೊತ್ತಿಗೆ ಅವರನ್ನೇ ಕೇಳಿ ನೋಡಿ. ಉತ್ತರಗಳನ್ನು ಮುಂದಿನ ಸಂಚಿಕೆಗೆ ಬರೆದು ಕೊಡಿ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ