ಕೆಸರಿನ ಕಣವೂ ಗಂಜಿಯ ಎಳೆಯೂ

ಮಳೆಗಾಲದ ಹೊಳೆಯ ಕೆನ್ನೀರನ್ನು ಪಾತ್ರೆಯಲ್ಲಿ ಹಿಡಿದಿಟ್ಟರೆ ಮರಳು ಬೇಗನೆ ತಳ ಸೇರುತ್ತದೆ. ಕೆಂಬಣ್ಣ ಮಾತ್ರ ದಿನಗಟ್ಟಲೆ ಇಳಿಯದು. ಮಣ್ಣು ನೀರಿಗಿಂತ ಎರಡೂವರೆ ಪಟ್ಟಿಗೂ ಮಿಗಿಲಾಗಿ ಸಾಂದ್ರವಾದುದಲ್ಲವೆ? ಹೀಗೇಕೆ?

ಸ್ಟೋಕ್ಸನು 1851ರಲ್ಲಿ ಪ್ರಕಟಿಸಿದ ನಿಯಮವನ್ನು ನೆನೆಯೋಣ. ದ್ರವದಲ್ಲಿ ಮೆಲ್ಲನೆ ಇಳಿಯುವ ಸಣ್ಣ ಗೋಳದ ವೇಗವು ಅದರ ವ್ಯಾಸದ ವರ್ಗವನ್ನು ಅನುಸರಿಸುತ್ತದೆ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ವ್ಯಾಸವುಳ್ಳ ಜೇಡಿಕಣವು, 20 ಡಿಗ್ರಿ ಸೆಂಟಿಗ್ರೇಡಿನ ನಿಶ್ಚಲ ಜಲದಲ್ಲಿ ಒಂದು ಮೀಟರು ಇಳಿಯಲು ಸುಮಾರು 13 ದಿನ ಹಿಡಿಯುತ್ತದೆ. ವ್ಯಾಸವು ಹತ್ತು ಪಟ್ಟಾದರೆ 3 ಗಂಟೆ ಸಾಕು. ಕಣಗಳು ಒಂದುಗೂಡಿದ ಮುದ್ದೆಯು ನೀರನ್ನೂ ಒಳಗಿರಿಸಿಕೊಂಡು ಹಗುರಾಗುವುದರಿಂದ ಲಾಭವು ಇಷ್ಟು ದೊಡ್ಡದಾಗದು; ಆದರೂ ಒಂದುಗೂಡಿಸುವುದೇ ಸರಿಯಾದ ಉಪಾಯ.

ಅಡ್ಡಿಯೆಂದರೆ, ಜೇಡಿಕಣಗಳೆಲ್ಲವೂ ಋಣವಿದ್ಯುದಾವೇಶವನ್ನು ಹೊತ್ತಿದ್ದು ಒಂದನ್ನೊಂದು ದೂಡುತ್ತವೆ. ಪಟಿಕದ ಅಲ್ಯೂಮಿನಿಯಂ ಈ ಆವೇಶವನ್ನು ತಣಿಸುತ್ತದೆ. ಆಗ ಹುಟ್ಟುವ ಮುದ್ದೆಗಳು ಸಣ್ಣವು, ಬಲಹೀನವಾದವು. ಇಲ್ಲಿಯೇ ಆಲೂಗಡ್ಡೆ, ಮೆಕ್ಕೆಜೋಳ, ಮರಗೆಣಸುಗಳ ಪಿಷ್ಟವು ನೆರವಿಗೆ ಬರುತ್ತದೆ. ಪಿಷ್ಟವು ಗ್ಲೂಕೋಸಿನ ಸಾವಿರಾರು ಕೊಂಡಿಗಳ ಸರಪಳಿ. ಅದರ ಒಂದು ಭಾಗ ಈ ಕಣಕ್ಕೂ ಇನ್ನೊಂದು ಭಾಗ ಆ ಕಣಕ್ಕೂ ಅಂಟಿ ಸೇತುವೆ ಕಟ್ಟುತ್ತದೆ. ಆದರೆ ಹಸಿ ಹಿಟ್ಟಿನಿಂದ ಪ್ರಯೋಜನವಿಲ್ಲ; ತಣ್ಣೀರಿನಲ್ಲಿ ಅದರ ಕಾಳುಗಳು ಬಿಚ್ಚಿಕೊಳ್ಳವು. ಕಾಯಿಸಿ ಗಂಜಿ ಮಾಡಿದಾಗಲೇ ಎಳೆಗಳು ಹೊರಬರುತ್ತವೆ. (ಬಟ್ಟೆಗೆ ಗಂಜಿ ಹಾಕುವವರಿಗೆ ಇದನ್ನು ಹೇಳಬೇಕಾಗಿಲ್ಲ.)

ಕ್ರಮವೂ ಮುಖ್ಯ. ಮೊದಲು ಪಟಿಕವನ್ನು ಹಾಕಿ ರಭಸದಿಂದ ಕಲಕಬೇಕು. ಅನಂತರ ತೆಳುಗಂಜಿಯನ್ನು ಬೆರೆಸಿ ಮೆಲ್ಲಮೆಲ್ಲನೆ ತಿರುವಬೇಕು. ಈಗ ಅವಸರಪಟ್ಟರೆ ಕಟ್ಟಿದ ಸೇತುವೆಗಳು ಹರಿದುಹೋಗುತ್ತವೆ. ಗಂಜಿ ಹೆಚ್ಚಾದರೆ ಇನ್ನೂ ವಿಚಿತ್ರ: ಪ್ರತಿಯೊಂದು ಕಣವೂ ಪಿಷ್ಟದ ಹೊದಿಕೆಯನ್ನು ಪೂರ್ತಿಯಾಗಿ ಹೊದ್ದುಕೊಳ್ಳುತ್ತದೆ, ಪಕ್ಕದ ಕಣದ ಎಳೆಗೆ ಅಂಟಲು ಎಡೆಯೇ ಉಳಿಯದು, ಕದಡು ಮರಳಿ ನಿಲ್ಲುತ್ತದೆ. ಲೀಟರಿಗೆ ಪಟಿಕವು ಹತ್ತಾರು ಮಿಲಿಗ್ರಾಂ ಬೇಕಾಗುವಲ್ಲಿ ಪಿಷ್ಟವು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ ಸಾಕು. ರಸಾಯನಜ್ಞರು ಪಿಷ್ಟಕ್ಕೆ ಧನಾವೇಶದ ಗುಂಪುಗಳನ್ನು ಜೋಡಿಸುವುದೂ ಉಂಟು. ಅಂತಹ ಪಿಷ್ಟವು ಆವೇಶವನ್ನು ತಣಿಸುವ ಕೆಲಸವನ್ನೂ ತಾನೇ ಮಾಡಬಲ್ಲುದು.

ಸಸ್ಯಜನ್ಯವಾದುದೆಲ್ಲ ನಿರಪಾಯವೆಂಬ ನಂಬಿಕೆ ನಮಗೆ ಒಪ್ಪಿಗೆಯಾಗದು. ಪಿಷ್ಟವು ಸೂಕ್ಷ್ಮಜೀವಿಗಳಿಗೂ ಆಹಾರವೇ. ಗಂಜಿಯು ಬೇಗ ಹಳಸುತ್ತದೆ, ನೀರಿನಲ್ಲಿ ಉಳಿದರೆ ಕ್ಲೋರೀನನ್ನೂ ವ್ಯಯಮಾಡುತ್ತದೆ. ತಿಳಿಯಾದ ನೀರಿನಲ್ಲಿಯೂ ರೋಗಾಣುಗಳಿರಬಹುದು. ಶೋಧಕ, ಕ್ಲೋರೀನು, ಇಲ್ಲವೆ ಕುದಿಸುವಿಕೆ ತಪ್ಪದು.

ವಿದ್ಯಾರ್ಥಿಗಳು ಎರಡು ಗಾಜಿನ ಲೋಟಗಳಲ್ಲಿ ಕೆಮ್ಮಣ್ಣಿನ ನೀರನ್ನು ತೆಗೆದುಕೊಂಡು, ಎರಡಕ್ಕೂ ಸಮವಾಗಿ ಪಟಿಕವನ್ನೂ ಒಂದಕ್ಕೆ ಮಾತ್ರ ಕೆಲವು ಹನಿ ತೆಳುಗಂಜಿಯನ್ನೂ ಹಾಕಿ ಹೋಲಿಸಬಹುದು. ಮೇಲಿನ ತಿಳಿನೀರಿಗೆ ಅಯೋಡಿನ್ ದ್ರಾವಣದ ಹನಿ ಬಿದ್ದಾಗ ನೀಲಿ ಮೂಡಿದರೆ ಗಂಜಿ ಅಳತೆ ಮೀರಿತೆಂದೇ ತಿಳಿಯಬೇಕು. ಮೂಡದಿದ್ದ ಮಾತ್ರಕ್ಕೆ ಪಿಷ್ಟವು ಲೇಶವೂ ಉಳಿದಿಲ್ಲವೆಂದಲ್ಲ.