ಬಾಯಿಯ ಅರ್ಬುದ ಮತ್ತು ಆರ್.ಎನ್.ಎ. ನಿಯಂತ್ರಣ

ಅಡಿಕೆ ವ್ಯಾಪಾರಕ್ಕೆ ಹೆಸರಾದ ಮಂಗಳೂರಿನಲ್ಲಿಯೇ 1973ರಲ್ಲಿ ಕ್ಯಾಂಪ್ಕೊ ಸಹಕಾರಿ ಸಂಸ್ಥೆ ಸ್ಥಾಪನೆಗೊಂಡಿತು. ಮನೆಗೆ ಬಂದವರ ಮುಂದೆ ಬಚ್ಚಿರೆ ಬಜ್ಜೆಯಿಯ ಹರಿವಾಣವನ್ನಿಡುವುದು ತುಳುನಾಡಿನ ಆದರದ ಕ್ರಮ. ಹೊಗೆಸೊಪ್ಪು ಸೇರದ ಅಡಿಕೆಯೂ ಅರ್ಬುದಕ್ಕೆ, ಎಂದರೆ ಕ್ಯಾನ್ಸರಿಗೆ, ಕಾರಣವಾಗಬಲ್ಲುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟವೇ ಅನ್ನ ನೀಡುವ ಜಿಲ್ಲೆಯಲ್ಲಿ ಈ ಮಾತು ಕಹಿಯಾದರೂ ಮರೆಮಾಚತಕ್ಕುದಲ್ಲ.

ಬಾಯಿಯ ಒಳಪದರದ ಜೀವಕೋಶ ಹದ ತಪ್ಪುವುದು ಹೇಗೆ? ಪ್ರೋಟೀನುಗಳನ್ನು ತಯಾರಿಸುವ ಆದೇಶದ ಮೂಲಪ್ರತಿ ಡಿ.ಎನ್.ಎ.ಯಲ್ಲಿದೆ. ಅದರ ನಕಲನ್ನು ಹೊತ್ತು ಕೋಶಕೇಂದ್ರದಿಂದ ಹೊರಬರುವುದು ಸಂದೇಶವಾಹಕ ಆರ್.ಎನ್.ಎ. ಮೂಲ ಕಡತ ಶುದ್ಧವಾಗಿದ್ದರೂ ನಕಲುಗಳ ಮೇಲೆ ಹತೋಟಿ ತಪ್ಪಿದರೆ ಕಚೇರಿ ಕೆಡುವುದಷ್ಟೆ. ಜೀವಕೋಶದ ಪಾಡೂ ಅದೇ.

ಈ ಹತೋಟಿಯ ಒಂದು ಗುಟ್ಟು ದೊರೆತುದು ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಸುಮಾರು 22 ಅಕ್ಷರಗಳಷ್ಟೇ ಉದ್ದದ ಮೈಕ್ರೊ ಆರ್.ಎನ್.ಎ. ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ, ಇಲ್ಲವೆ ನಾಶಗೊಳಿಸುತ್ತದೆ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ 1993ರಲ್ಲಿ ಇದನ್ನು ಪ್ರಕಟಿಸಿದಾಗ ಹುಳುವಿನದೊಂದು ವಿಚಿತ್ರವೆಂದೇ ಹಲವರು ಬಗೆದರು. 2000ದಲ್ಲಿ ಮನುಷ್ಯನಲ್ಲಿಯೂ ಇಂತಹ ಅಣು ಕಂಡುಬಂದಿತು. ನೊಬೆಲ್ ಪುರಸ್ಕಾರ ಸಂದುದು 2024ರಲ್ಲಿ.

ಅರ್ಬುದದೊಡನೆ ಇದರ ನಂಟನ್ನು ಮೊದಲು ತೋರಿದವರು ಕಾರ್ಲೊ ಕ್ರೋಚೆಯವರ ತಂಡ. ಒಂದು ಬಗೆಯ ರಕ್ತದ ಅರ್ಬುದದಲ್ಲಿ 15 ಮತ್ತು 16ನೆಯ ಮೈಕ್ರೊ ಆರ್.ಎನ್.ಎ.ಗಳು ಅನೇಕ ರೋಗಿಗಳಲ್ಲಿ ಲೋಪವಾಗಿರುವುದನ್ನು, ಇಲ್ಲವೆ ತಗ್ಗಿರುವುದನ್ನು, ಅವರು 2002ರಲ್ಲಿ ಕಂಡರು. ಕೋಶದ ಸಹಜ ಮರಣವನ್ನು ತಡೆಯುವ ಬಿ.ಸಿ.ಎಲ್.-2 ಎಂಬ ಪ್ರೋಟೀನನ್ನು ಇವು ಅಂಕೆಯಲ್ಲಿಡುತ್ತವೆ. ಇವಿಲ್ಲದಿರೆ ಸಾಯಬೇಕಾದ ಕೋಶ ಸಾಯದೆ ಉಳಿಯುತ್ತದೆ.

ಬಾಯಿಯ ಅರ್ಬುದದಲ್ಲಿ ಕಥೆ ತಿರುವುಮುರುವು. ಅಲ್ಲಿ 21ನೆಯ ಮೈಕ್ರೊ ಆರ್.ಎನ್.ಎ. ಮಿತಿಮೀರಿರುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಅದು ಅದುಮಿಡುವುದು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನೇ.

ಇಂತಹ ಅಣುಗಳು ಎಂಜಲಿನಲ್ಲಿಯೂ ದೊರೆಯುತ್ತವೆ. ಆದುದರಿಂದ ಎಂಜಲಿನ ಪರೀಕ್ಷೆಯಿಂದಲೇ ರೋಗವನ್ನು ಮುಂಚಿತವಾಗಿ ಅರಿಯುವ ಪ್ರಯತ್ನ ನಡೆದಿದೆ. ಅದಿನ್ನೂ ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಯಾಗಿಲ್ಲ. ಇಂದಿಗೂ ನಿರ್ಣಯವಾಗುವುದು ಅಂಗಾಂಶದ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ. ಬಾಯಲ್ಲಿ ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ದಿನೇ ದಿನೇ ಕಿರಿದಾಗುವ ಬಾಯಿ ಕಂಡೊಡನೆ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ತಡಮಾಡಿದ ರೋಗಿ ಆಸ್ಪತ್ರೆ ತಲಪುವ ಹೊತ್ತಿಗೆ, ಪರೀಕ್ಷೆಗೆ ಬಾಯಿ ತೆರೆಯುವುದೇ ಕಷ್ಟವಾಗಿರುವುದುಂಟು.