ಮೊದಲ ಮೂರು ದಿನ ಮನೆಯೇ ಆಸರೆ: ತುರ್ತಿಗೆ ಸಜ್ಜಾಗಲು ಏಳು ಕೆಲಸ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ಕೊಣ್ಣೂರಿನ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿಯೇ ಬಂದ್ ಆಯಿತು. ಲಖಮಾಪುರವನ್ನು ನೀರು ಸುತ್ತುವರಿಯಿತು. ರೋಣ ತಾಲ್ಲೂಕಿನ ಹೊಳೆಆಲೂರು, ಮೆಣಸಗಿ, ಹೊಳೆಮಣ್ಣೂರು, ಗಾಡಗೋಳಿ ಭಾಗದ ಜನ ದನಕರು ಹೊಡೆದುಕೊಂಡು ಎತ್ತರದ ಜಾಗ ಹುಡುಕಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ, 2023ರಲ್ಲಿ, ಮಳೆಯೇ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಒಂದು ವರ್ಷ ನೆರೆ, ಇನ್ನೊಂದು ವರ್ಷ ಬರ ಎನ್ನುವುದು ಈ ಸೀಮೆಗೆ ಹೊಸದಲ್ಲ.

ಇದೇ ಜಿಲ್ಲೆಯ ಭೀಮಾಂಬಿಕೆಯ ಇಟಗಿ ಹೊಳೆದಂಡೆಯ ಊರಲ್ಲ. ಹಾಗೆಂದು ನಿಶ್ಚಿಂತೆಯಿಂದ ಕೂರುವಂತಿಲ್ಲ. ಬೇಸಿಗೆಯಲ್ಲಿ ನಳಕ್ಕೆ ನೀರು ಬಾರದ ದಿನಗಳಿವೆ, ಅಡ್ಡಮಳೆಯ ಸಿಡಿಲಿದೆ, ಜಿಟಿಜಿಟಿ ಮಳೆಗೆ ಕುಸಿಯುವ ಹಳೆಯ ಮಣ್ಣಿನ ಮನೆಗಳಿವೆ, ಬಣವಿಯಲ್ಲಿ ಹಾವಿದೆ. ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲ್ಲೂಕುಗಳ ಹಳ್ಳಿಗಳ ಕಥೆ ಹೆಚ್ಚುಕಡಿಮೆ ಇದೇ. ದೊಡ್ಡ ಅನಾಹುತದಲ್ಲಿ ಸರ್ಕಾರದ ನೆರವು ಎಲ್ಲ ಓಣಿಗಳಿಗೂ ಮೊದಲ ದಿನವೇ ತಲುಪುವುದಿಲ್ಲ. ಹಾಗಾಗಿ ಮೊದಲ ಮೂರು ದಿನ ಮನೆಯವರು ಮತ್ತು ನೆರೆಹೊರೆಯವರೇ ಒಬ್ಬರಿಗೊಬ್ಬರು ಆಗಬೇಕು. ಅದಕ್ಕೆ ಪೇಟೆಯಿಂದ ದುಬಾರಿ ಸಾಮಾನು ತರಬೇಕಿಲ್ಲ. ಬೇಕಾದದ್ದರಲ್ಲಿ ಮುಕ್ಕಾಲು ಪಾಲು ನಮ್ಮ ಅಡುಗೆಮನೆ, ಹಿತ್ತಲುಗಳಲ್ಲೇ ಇದೆ. ಅದನ್ನು ಕ್ರಮಕ್ಕೆ ತರುವುದಷ್ಟೇ ಬಾಕಿ.

1. ಯಾರು ಏನು ಮಾಡಬೇಕು, ಮೊದಲೇ ಮಾತಾಡಿ

ಒಂದು ಸಂಜೆ ಮನೆಮಂದಿಯೆಲ್ಲ ಕೂತು ನಾಲ್ಕು ಸಂಗತಿ ನಿರ್ಧರಿಸಿ. ಅಜ್ಜ–ಅಜ್ಜಿಯನ್ನು ಯಾರು ಕರೆದೊಯ್ಯಬೇಕು? ಮಕ್ಕಳ ಹೊಣೆ ಯಾರದು? ದನಗಳ ಹಗ್ಗ ಬಿಚ್ಚುವವರು ಯಾರು? ಕಾಗದಪತ್ರದ ಚೀಲ ಎತ್ತಿಕೊಳ್ಳುವವರು ಯಾರು? ಹೊಣೆ ಹಂಚದಿದ್ದರೆ ಎಲ್ಲರೂ ಒಂದೇ ಕೆಲಸಕ್ಕೆ ಓಡುತ್ತಾರೆ, ಉಳಿದದ್ದು ಹಾಗೇ ಉಳಿಯುತ್ತದೆ.

ಫೋನ್ ಹತ್ತದಿದ್ದರೆ ಎಲ್ಲರೂ ಬಂದು ಸೇರುವ ಜಾಗವನ್ನೂ ಗೊತ್ತು ಮಾಡಿ. ಅದು ಎತ್ತರದಲ್ಲಿರಲಿ, ಪಕ್ಕಾ ಕಟ್ಟಡವಾಗಿರಲಿ. ಶಾಲೆ, ಸಮುದಾಯ ಭವನ, ಗುಡಿಯ ಪೌಳಿ ಯಾವುದಾದರೂ ಆದೀತು. ಬೆಂಗಳೂರಿಗೋ ಗೋವೆಗೋ ದುಡಿಯಲು ಹೋದ ಮನೆಯವರಿದ್ದರೆ ಅವರಲ್ಲೊಬ್ಬರನ್ನು ‘ಸುದ್ದಿ ಕೇಂದ್ರ’ ಮಾಡಿ. ಊರೊಳಗೆ ಒಬ್ಬರಿಗೊಬ್ಬರು ಸಿಗದಿದ್ದರೂ ಎಲ್ಲರೂ ಅವರಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಬಹುದು. ಅವರ ನಂಬರ್ ಮಕ್ಕಳಿಗೆ ಬಾಯಿಪಾಠ ಇರಲಿ.

2. ನೀರು: ಐದು ಮಂದಿಗೆ ಮೂರು ಕ್ಯಾನ್

ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ 4 ಲೀಟರ್ ಲೆಕ್ಕ ಹಿಡಿಯಿರಿ. ಐದು ಮಂದಿಯ ಮನೆಗೆ ಮೂರು ದಿನಕ್ಕೆ 60 ಲೀಟರ್ ಆಯಿತು. ಶುದ್ಧ ನೀರಿನ ಘಟಕದಿಂದ ತರುವ 20 ಲೀಟರಿನ ಕ್ಯಾನ್ ಮೂರು ಇದ್ದರೆ ಸಾಕು. ಮುಚ್ಚಳ ಬಿಗಿಯಾಗಿರಲಿ, ನೆರಳಲ್ಲಿಡಿ, ವಾರಕ್ಕೊಮ್ಮೆ ಬಳಸಿ ಹೊಸ ನೀರು ತುಂಬಿ. ಬಳಕೆಯ ನೀರಿಗೆ ಬ್ಯಾರಲ್, ತೊಟ್ಟಿ ಬೇರೆ ಇರಲಿ. ಡೆಂಗಿ ಸೊಳ್ಳೆ ಮೊಟ್ಟೆ ಇಡದಂತೆ ಬಟ್ಟೆ ಕಟ್ಟಿ.

ಘಟಕ ನಿಂತುಹೋಗಿ ಬಾವಿ, ಬೋರಿನ ನೀರೇ ಗತಿಯಾದರೆ ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಕುದಿಸಿ. ಉರುವಲಿಲ್ಲದಿದ್ದರೆ ಕ್ಲೋರಿನ್ ಮಾತ್ರೆ ಹಾಕಿ, ಪೊಟ್ಟಣದ ಮೇಲಿನ ಅಳತೆಯಂತೆ ಕರಗಿಸಿ, ಅರ್ಧ ತಾಸು ಬಿಟ್ಟು ಕುಡಿಯಿರಿ. ಮಾತ್ರೆ ಬೇಕಾದರೆ ಆಶಾ ಕಾರ್ಯಕರ್ತೆಯನ್ನು ಕೇಳಿ. ಒಂದು ಮಾತು ನೆನಪಿರಲಿ: ಗದಗ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಬೋರಿನ ನೀರನ್ನು ನಾಲ್ಕು ದಿನದ ಕಷ್ಟಕ್ಕೆ ಕುಡಿಯಬಹುದೇ ಹೊರತು ಅದನ್ನೇ ರೂಢಿ ಮಾಡಿಕೊಳ್ಳಬಾರದು.

ಮಳೆ ನೀರು ಹಿಡಿಯುವುದು ಈ ಭಾಗಕ್ಕೆ ಹೊಸ ವಿದ್ಯೆಯಲ್ಲ. ಚಾಲುಕ್ಯರ ಕಾಲದ ನಾಗಕುಂಡ ಎಂಬ ಪುಷ್ಕರಣಿ ಸೂಡಿಯಲ್ಲಿ ಇಂದಿಗೂ ಇದೆ. ತಗಡಿನ ಮಾಡಿಗೆ ಒಂದು ದೋಣಿ ಪೈಪು, ಕೆಳಗೆ ಜಾಳಿಗೆ ಕಟ್ಟಿದ ಬ್ಯಾರಲ್ ಇಟ್ಟರೆ ಒಂದು ದೊಡ್ಡ ಮಳೆಗೇ ತುಂಬುತ್ತದೆ. ಮೊದಲ ಮಳೆಯ ನೀರು ಬಿಟ್ಟುಬಿಡಿ.

3. ಊಟ: ಒಲೆ ಹೊತ್ತದ ದಿನಕ್ಕೆ ಖಡಕ್ ರೊಟ್ಟಿ

ತುರ್ತಿನ ಊಟ ಕೆಡಬಾರದು, ಬೇಯಿಸುವ ಕೆಲಸ ಕೇಳಬಾರದು, ಹೊಟ್ಟೆ ತುಂಬಬೇಕು. ಈ ಮೂರಕ್ಕೂ ಒಗ್ಗುವುದು ನಮ್ಮ ಖಡಕ್ ರೊಟ್ಟಿ. ಜೋಳದ್ದಾಗಲಿ ಸಜ್ಜಿಯದಾಗಲಿ, ತೆಳ್ಳಗೆ ಬಡಿದು, ಬೇಯಿಸಿದ ಮೇಲೆ ಒಲೆಯ ಬದಿಗೆ ನಿಲ್ಲಿಸಿ ಪಸೆ ಪೂರ್ತಿ ಆರುವ ತನಕ ಕಾಯಿಸಿ. ಮುರಿದರೆ ‘ಟಕ್’ ಎನ್ನಬೇಕು. ಬಾಗಿದರೆ ಇನ್ನೂ ಪಸೆ ಇದೆ ಎಂದರ್ಥ, ಅಂಥದ್ದು ಬೂಸರು ಹಿಡಿಯುತ್ತದೆ. ಬಿಸಿ ಆರಿದ ಮೇಲೆ ಒಣ ಅರಿವೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಇರುತ್ತದೆ. ಒಬ್ಬರಿಗೆ ಹೊತ್ತಿಗೆ ಎರಡರಂತೆ, ಐದು ಮಂದಿಗೆ ಎರಡು ಹೊತ್ತಿನಂತೆ ಮೂರು ದಿನಕ್ಕೆ 60 ರೊಟ್ಟಿ.

ಜೊತೆಗೆ ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿ, ಪುಟಾಣಿ, ಬೆಲ್ಲ, ಅವಲಕ್ಕಿ, ಚುರುಮುರಿ ಇರಲಿ. ಕೂಸಿದ್ದರೆ ರಾಗಿ ಹಿಟ್ಟು, ಹಾಲಿನ ಪುಡಿ ಇಡಿ. ಚಟ್ನಿ ಡಬ್ಬಿಗೆ ಒದ್ದೆ ಚಮಚ ಹಾಕಬೇಡಿ.

ಕಾಳುಕಡಿಯನ್ನು ನೆಲದೊಳಗಿನ ಹಗೇವಿನಲ್ಲಿಡುವ ಮನೆಗಳು ಈಗ ಕಡಿಮೆ. ಇದ್ದವರಿಗೆ ಒಂದು ಎಚ್ಚರಿಕೆ: ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಬಾಯಿ ತೆರೆದು ಸಾಕಷ್ಟು ಹೊತ್ತು ಗಾಳಿಯಾಡಲು ಬಿಡಿ, ಆಮೇಲೆ ದೀಪ ಇಳಿಸಿ ನೋಡಿ. ದೀಪ ಆರಿದರೆ ಇಳಿಯಲೇಬೇಡಿ. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರು ನಿಲ್ಲದೆ ಇಳಿಯಬಾರದು. ಒಳಗೆ ಒಬ್ಬ ಬಿದ್ದರೆ ಅವನನ್ನು ಎತ್ತಲು ಹಾಗೇ ಇಳಿದವನೂ ಬೀಳುತ್ತಾನೆ.

4. ಮನೆ: ಮಿರಗ ಕೂಡುವ ಮೊದಲು ಮಾಳಿಗೆ ನೋಡಿ

ಮಳೆಗಾಲದಲ್ಲಿ ನಮ್ಮ ಕಡೆ ಜೀವ ತೆಗೆಯುವುದರಲ್ಲಿ ಮಣ್ಣಿನ ಮನೆಯ ಕುಸಿತವೂ ಒಂದು. ಜೂನ್ 7–8ರ ಸುಮಾರಿಗೆ ಮಿರಗ (ಮೃಗಶಿರ) ಮಳೆ ಕೂಡುತ್ತದೆ. ಅಷ್ಟರೊಳಗೆ ಮೇಲ್ಮುದ್ದೆ ಮನೆಯವರು ಮಾಳಿಗೆ ಹತ್ತಿ ಹುಲ್ಲು ಕಿತ್ತು, ಬಿರುಕಿಗೆ ಸವಳು ಮಣ್ಣು ಮೆತ್ತಿ, ನೀರು ಹರಿದುಹೋಗುವ ದೋಣಿ ಸ್ವಚ್ಛ ಮಾಡಬೇಕು. ಕಸ ಕಟ್ಟಿ ನೀರು ನಿಂತಷ್ಟೂ ಮಣ್ಣು ನೆನೆದು ಭಾರವಾಗುತ್ತದೆ. ಆ ಭಾರವನ್ನೆಲ್ಲ ಹಳೆಯ ಜಂತಿಗಳೇ ಹೊರಬೇಕು.

ಸತತ ಮಳೆಯಲ್ಲಿ ಈ ನಾಲ್ಕು ಲಕ್ಷಣಗಳಲ್ಲಿ ಒಂದು ಕಂಡರೂ ಆ ರಾತ್ರಿ ಅಲ್ಲಿ ಮಲಗಬೇಡಿ: ಗೋಡೆಯ ಬುಡ ನೆನೆದು ಉಬ್ಬುವುದು, ಬಿರುಕು ದಿನದಿಂದ ದಿನಕ್ಕೆ ಅಗಲವಾಗುವುದು, ಜಂತಿ ಕಿರುಗುಟ್ಟುವುದು, ಮೇಲಿಂದ ಮಣ್ಣು ಉದುರುವುದು. ಹಾನಿಯಾದರೆ ಎಲ್ಲ ಕಡೆಯಿಂದ ಫೋಟೊ ತೆಗೆದು, ಕೂಡಲೇ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ.

5. ಒಂದು ಚೀಲ, ಒಂದು ಮೊಳೆ

ಹಳೆಯ ಶಾಲಾ ಚೀಲವೊಂದನ್ನು ಬಾಗಿಲ ಹತ್ತಿರದ ಮೊಳೆಗೆ ತೂಗುಹಾಕಿ. ಅದರಲ್ಲಿರಬೇಕಾದವು:

- ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಹೊಲದ ಉತಾರ, ಬೆಳೆವಿಮೆ ರಸೀದಿ, ದನದ ಕಿವಿಯೋಲೆ ನಂಬರ್: ಇವುಗಳ ಜೆರಾಕ್ಸ್, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ
- ಹತ್ತು, ಇಪ್ಪತ್ತು, ಐವತ್ತರ ನೋಟುಗಳು. ಟವರ್ ನಿಂತರೆ ಫೋನ್‌ಪೇ ನಡೆಯುವುದಿಲ್ಲ
- ಬಿ.ಪಿ., ಸಕ್ಕರೆ ಕಾಯಿಲೆಯ ಗುಳಿಗೆ ಒಂದು ವಾರಕ್ಕೆ ಆಗುವಷ್ಟು, ವೈದ್ಯರ ಚೀಟಿ
- ಬ್ಯಾಟರಿ, ಪವರ್ ಬ್ಯಾಂಕ್, ಸೀಟಿ, ಬೆಂಕಿಪೊಟ್ಟಣ, ಗಟ್ಟಿ ಹಗ್ಗ
- ಶುಭ್ರ ಬಟ್ಟೆಯ ಪಟ್ಟಿ, ಓಆರ್‌ಎಸ್ ಪೊಟ್ಟಣ, ಹೆಣ್ಣುಮಕ್ಕಳಿಗೆ ಪ್ಯಾಡ್

ಇನ್ಸುಲಿನ್ ತೆಗೆದುಕೊಳ್ಳುವವರು ಕರೆಂಟ್ ಇಲ್ಲದಾಗ ಅದನ್ನು ಬಿಗಿಯಾದ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಹಸಿ ಬಟ್ಟೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟರೆ ತಂಪಾಗಿರುತ್ತದೆ.

6. ಕಲಿತಿರಬೇಕಾದ ಐದು ವಿದ್ಯೆ

*ಸಿಡಿಲು.* ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತಿರದಲ್ಲಿದೆ. ಹೊಲದಲ್ಲಿದ್ದವರು ಪಕ್ಕಾ ಮನೆ ಸೇರಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಒಂಟಿ ಬೇವಿನ ಮರದ ಕೆಳಗೆ ನಿಲ್ಲುವುದು, ಅಲ್ಲೇ ಎತ್ತು ಕಟ್ಟುವುದು ಬೇಡ. ಮನೆ ದೂರವಿದ್ದರೆ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ಪುಣೆಯ ಹವಾಮಾನ ಸಂಸ್ಥೆ ಐಐಟಿಎಂ ರೂಪಿಸಿದ ‘ದಾಮಿನಿ’ ಆ್ಯಪ್ ಮುನ್ಸೂಚನೆ ಕೊಡುತ್ತದೆ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಹೆದರದೆ ಮುಟ್ಟಿ.

*ಎದೆ ಒತ್ತುವುದು.* ಸಿಡಿಲು, ಕರೆಂಟ್, ಹೃದಯಾಘಾತ ಯಾವುದರಿಂದಲೇ ಆಗಲಿ, ಉಸಿರು ನಿಂತವರನ್ನು ಅಂಗಾತ ಮಲಗಿಸಿ, ಎದೆಯ ನಟ್ಟನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಆಂಬುಲೆನ್ಸ್ ಬರುವ ತನಕ ಸರದಿಯಲ್ಲಿ ಮುಂದುವರಿಸಿ. ಕರೆಂಟ್ ಹೊಡೆದಿದ್ದರೆ ಮೊದಲು ಮೇನ್ ಬಂದ್ ಮಾಡಿ, ಆಮೇಲೆ ಮುಟ್ಟಿ.

*ಹಾವು ಕಡಿತ.* ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕೇ ಹೆಚ್ಚು ಜೀವ ತೆಗೆಯುವುದು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಅಪಾಯ. ಉಂಗುರ, ಬಳೆ, ಕಾಲ್ಗಡಗ ತೆಗೆದು, ಕಡಿದ ಕೈ ಅಥವಾ ಕಾಲಿಗೆ ದಬ್ಬೆ ಕಟ್ಟಿ ಅಲುಗಾಡದಂತೆ ಮಾಡಿ, ನಡೆಸದೆ ಆಸ್ಪತ್ರೆಗೆ ಒಯ್ಯಿರಿ. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಡಿಯುತ್ತದೆ. ನೋವೂ ಇರುವುದಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ ತಡಮಾಡಬೇಡಿ. ಮದ್ದು ಒಂದೇ, ವಿಷನಿರೋಧಕ ಚುಚ್ಚುಮದ್ದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದೆ.

*ವಾಂತಿಭೇದಿ.* ಓಆರ್‌ಎಸ್ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಟೀ ಚಮಚದ ಅಳತೆಯಲ್ಲಿ ಆರು ಸಪಾಟು ಚಮಚ ಸಕ್ಕರೆ, ಅರ್ಧ ಸಪಾಟು ಚಮಚ ಉಪ್ಪು ಹಾಕಿ ಕದಡಿ, ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಒಂದು ಚೂರೂ ಹೆಚ್ಚಾಗಬಾರದು.

*ಹಳ್ಳ ದಾಟುವುದು.* ಬೆಣ್ಣೆಹಳ್ಳವಾಗಲಿ ಊರ ಮುಂದಿನ ಸಣ್ಣ ಹಳ್ಳವಾಗಲಿ, ಹರಿಯುವ ನೀರು 15 ಸೆಂ.ಮೀ. ಇದ್ದರೂ ಕಾಲು ಕೀಳಬಲ್ಲದು, 60 ಸೆಂ.ಮೀ. ಇದ್ದರೆ ಬಹುತೇಕ ವಾಹನಗಳನ್ನು ಎಳೆದೊಯ್ಯಬಲ್ಲದು. ಸೇತುವೆ ಮೇಲೆ ನೀರು ಬಂದಾಗ ಬೈಕ್ ದಾಟಿಸುವ ಹಟ ಬೇಡ. ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ನೀರು ಬಿಡುವ ಸೂಚನೆ ಬಂದರೆ ಹೊಳೆದಂಡೆಯವರು ಹಗಲಲ್ಲೇ ಜಾಗ ಖಾಲಿ ಮಾಡಬೇಕು.

7. ದನ, ಬಣವಿ, ಓಣಿ

ಒಂದು ಎತ್ತಿಗೆ ದಿನಕ್ಕೆ 30ರಿಂದ 50 ಲೀಟರ್ ನೀರು ಬೇಕು. ಬರದ ವರ್ಷಕ್ಕೆಂದು ಕಣಕಿ, ಹೊಟ್ಟು ಸ್ವಲ್ಪವಾದರೂ ಬೇರೆ ಎತ್ತಿಡಿ. ಬಣವಿ ವಿದ್ಯುತ್ ತಂತಿಯ ಕೆಳಗೆ ಬೇಡ, ಮನೆಗೆ ಅಂಟಿಕೊಂಡೂ ಬೇಡ. ನೀರು ಏರುವ ಸೂಚನೆ ಸಿಕ್ಕರೆ ದನಗಳ ಹಗ್ಗ ಬಿಚ್ಚಿ ಎತ್ತರಕ್ಕೆ ಹೊಡೆಯಿರಿ. ಕಟ್ಟಿದ ದನ ಈಜಲಾರದು. ಆನೆಕಲ್ಲು ಮಳೆಗೋ ಹೊಲದಲ್ಲಿ ನೀರು ನಿಂತೋ ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಯೊಳಗೆ ದೂರು ಕೊಡಬೇಕು, ತಡವಾದರೆ ಪರಿಹಾರಕ್ಕೆ ತೊಡಕು.

ಕೊನೆಯದಾಗಿ, ಒಂದೊಂದೇ ಮನೆ ಸಜ್ಜಾದರೆ ಸಾಲದು. ಓಣಿಯಲ್ಲಿ ಒಂಟಿಯಾಗಿರುವ ಮುದುಕರು, ಬಸುರಿಯರು, ಹಾಸಿಗೆ ಹಿಡಿದವರು ಯಾರು, ಟ್ರ್ಯಾಕ್ಟರ್ ಯಾರ ಮನೆಯಲ್ಲಿದೆ, ಈಜು ಯಾರಿಗೆ ಬರುತ್ತದೆ ಎಂಬುದನ್ನು ಸ್ತ್ರೀಶಕ್ತಿ ಸಂಘದವರೋ ಯುವಕ ಮಂಡಳದವರೋ ಒಂದು ವಹಿಯಲ್ಲಿ ಬರೆದಿಡಲಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು. ಕಷ್ಟಕ್ಕೆ ಕೂಡಿ ನಿಲ್ಲುವುದನ್ನು ಇಲ್ಲಿಯ ರೈತರಿಗೆ ಹೊರಗಿನವರು ಬಂದು ಕಲಿಸಬೇಕಿಲ್ಲ.

ಗೋಡೆಗೆ ಅಂಟಿಸಿ

- ಎಲ್ಲ ತುರ್ತಿಗೆ: 112
- ಆಂಬುಲೆನ್ಸ್: 108
- ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077
- ಹೆಸ್ಕಾಂ: 1912
- ಗ್ಯಾಸ್ ಸೋರಿಕೆ: 1906
- ಪಶು ಚಿಕಿತ್ಸಾ ವಾಹನ: 1962
- ಬೆಳೆವಿಮೆ: 14447

ಅಮಾಸಿ ದಿನ ಹೇಗೂ ಗಳೆ ಹೂಡುವುದಿಲ್ಲ. ತಿಂಗಳಿಗೊಮ್ಮೆ ಅವತ್ತೇ ಚೀಲ ಇಳಿಸಿ ನೋಡಿ: ಗುಳಿಗೆಯ ಅವಧಿ ಮುಗಿದಿದೆಯೇ, ಬ್ಯಾಟರಿ ಉರಿಯುತ್ತದೆಯೇ, ಡಬ್ಬಿಯಲ್ಲಿಟ್ಟ ರೊಟ್ಟಿ ಬೂಸರು ಹಿಡಿದಿದೆಯೇ. ಕೆಟ್ಟದ್ದನ್ನು, ಅವಧಿ ಮುಗಿದದ್ದನ್ನು ಎಸೆದು, ಉಳಿದ ಹಳೆಯದನ್ನು ಬಳಸಿ ಹೊಸದನ್ನು ತುಂಬಿ. ಈ ಬಾರಿಯ ಅಮಾಸಿಯಿಂದಲೇ ಶುರು ಮಾಡಿ.